ಡಂಬಳ ದಾಟಿದ ಮೇಲೆ

ಗಂಡಸರು ಶವವಿದ್ದ ಜನಾಜಾಕ್ಕೆ ಹೆಗಲು ಕೊಟ್ಟು ಮೇಲೆತ್ತಿದರು. ಬೆಟಗೇರಿಯ ಆ ಇಕ್ಕಟ್ಟಾದ ಓಣಿಯಲ್ಲಿ ಒಬ್ಬರ ಹೆಗಲಿನಿಂದ ಇನ್ನೊಬ್ಬರ ಹೆಗಲಿಗೆ ದಾಟುತ್ತ ಮುರ್ತುಜಾ ಸರ್ ತಿರುವಿನಲ್ಲಿ ಮರೆಯಾಗುವವರೆಗೂ ಶೀತಲ್ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಕಾಲೇಜಿನಲ್ಲಿ ಅವರಿಂದ ಪತ್ರಿಕೋದ್ಯಮ ಕಲಿತವಳು. ಈಗ ಹುಬ್ಬಳ್ಳಿಯ ಪತ್ರಿಕೆಯೊಂದರಲ್ಲಿ ಕ್ರೀಡಾ ವರದಿಗಾರ್ತಿ. ಸಂಜೆಯೊಳಗೆ ಸರ್ ಬಗ್ಗೆ ಬರೆದು ಕಳಿಸಬೇಕಿತ್ತು. ಮೊದಲು ಮೈದಾನದ ವರದಿಗಾರ, ಆಮೇಲೆ ಕಚೇರಿಯೊಳಗಿನ ಉಪಸಂಪಾದಕ, ಕೊನೆಗೆ ಕಾಲೇಜಿನ ಅಧ್ಯಾಪಕ, ಇಷ್ಟು ಗೊತ್ತಿತ್ತು. ಮೈದಾನ ಬಿಟ್ಟದ್ದು ಯಾಕೆ ಎಂಬುದು ಮಾತ್ರ ಗೊತ್ತಿರಲಿಲ್ಲ.

ಸರ್ ಜೊತೆ ಹಿಂದೆ ಅದೇ ಪತ್ರಿಕೆಯಲ್ಲಿದ್ದ ಹೇಮಪ್ಪ ಮೊಣಕಾಲು ನೋವೆಂದು ಕಟ್ಟೆಯ ಮೇಲೆ ಕುಳಿತಿದ್ದರು. ಶೀತಲ್ ಅವರನ್ನೇ ಕೇಳಿದಳು.

“ಮುಂಡರಗಿಗೆ ಹುಡುಗ್ಯಾರ ಸೈಕಲ್ ರೇಸಿನ ಸುದ್ದಿ ತರಾಕ ಹೋಗಿದ್ದ ನೋಡವ್ವಾ,” ಎಂದರು ಹೇಮಪ್ಪ. “ಪುಟ ಮುಚ್ಚೂ ತನಕಾ ಫೋನಿಲ್ಲ, ಫ್ಯಾಕ್ಸಿಲ್ಲ. ಮರುದಿನ ಎಲ್ಲಾ ಪೇಪರದಾಗ ಗೆದ್ದಾಕಿ ಫೋಟೋ. ನಮ್ಮದ್ರಾಗ ಒಂದು ಸಾಲಿಲ್ಲ. ಮಾಲಕರು ಕೇಳಿದ್ರ, ಸ್ಕೂಟರ್ ಕೆಟ್ಟಿತ್ತು ಅಂದ. ಅದ ಸ್ಕೂಟರ್ ಹತ್ತಿ ಬಂದು ನಿಂತಿದ್ದ! ಯಾರು ನಂಬ್ತಾರ? ಕುಡದು ಬಿದ್ದಿದ್ದ ಅಂತ ಮಂದಿ ಆಡಿಕೊಂಡ್ರು. ಮತ್ತ ಮೈದಾನಕ್ಕ ಕಳಸಲಿಲ್ಲ ಅವನ್ನ.”

“ಕುಡೀತಿದ್ರೇನ್ರಿ?”

“ಚಾ ಬಿಟ್ಟು ಏನೂ ಕುಡದದ್ದು ನಾ ಕಂಡಿಲ್ಲ. ಆದ್ರ ಎಲ್ಲಿದ್ದ ಅಂತ ನನಗೂ ಹೇಳಲಿಲ್ಲ. ಆ ಸಿಟ್ಟು ಇನ್ನೂ ಐತಿ ನನಗ.”

*

ಕಾಲೇಜಿನಲ್ಲಿದ್ದಾಗ ಶೀತಲ್ ಒಮ್ಮೆ ವರದಿಯಲ್ಲಿ ‘ವೀರೋಚಿತ ಸೋಲು’ ಎಂದು ಬರೆದಿದ್ದಳು. ಸರ್ ಕೆಂಪು ಪೆನ್ನಿನಿಂದ ಮೊದಲ ಪದವನ್ನು ಹೊಡೆದುಹಾಕಿದ್ದರು.

“ಸೋತಾಳ, ಅಷ್ಟ. ವೀರ ಗೀರ ಯಾಕ? ಸೋತ ಮ್ಯಾಲ ಆಕಿ ಏನು ಮಾಡಿದ್ಲು, ಅದನ್ನ ಬರಿ.”

“ನೋಡಲಿಲ್ರಿ ಸರ್. ಗೆದ್ದಾಕಿನ್ನ ಮಾತಾಡಸಾಕ ಓಡಿದ್ವಿ.”

“ಎಲ್ಲಾರೂ ಓಡ್ತಾರ,” ಎಂದು ನಕ್ಕಿದ್ದರು. ಧೈರ್ಯ ಮಾಡಿ, ವರದಿಗಾರಿಕೆ ಯಾಕೆ ಬಿಟ್ಟಿರಿ ಎಂದು ಕೇಳಿದರೆ, “ಬಿಸಿಲು ತಡೀಲಿಲ್ಲವ್ವಾ,” ಎಂದು ಮುಂದಿನ ಹಾಳೆ ತಿರುವಿದ್ದರು.

*

ಜನಾಜಾ ಹೋಗಿ ಸ್ವಲ್ಪ ಹೊತ್ತಿಗೆ ಹೆಂಗಸೊಬ್ಬಳು ಏದುಸಿರು ಬಿಡುತ್ತ ಬಂದಳು. ಕೊರಳಲ್ಲಿ ಸೀಟಿ, ಸೀರೆಯ ಕೆಳಗೆ ಬೂಟು. ಯಾವುದೋ ಶಾಲೆಯ ಮೈದಾನದಿಂದ ಎದ್ದು ಬಂದಂತಿತ್ತು.

“ಒಯ್ದರೇನ್ರಿ?” ಎಂದು ಕೇಳಿ, ಉತ್ತರಕ್ಕೆ ಕಾಯದೆ ಅಂಗಳದಲ್ಲಿ ಕುಸಿದು ಕುಳಿತಳು. ಒಳಗಿನ ಪರದೆಯ ಮರೆಯಲ್ಲಿ ಸರ್ ಅವರ ಹೆಂಡತಿ ಸಾಬೀರಾ ಕುಳಿತಿದ್ದರು. ಪರದೆ ಸ್ವಲ್ಪ ಸರಿಯಿತು.

“ಯಾರವಾ ನೀನು?”

“ಕಾವೇರಿ ಅಂತರಿ ಚಾಚಿ. ಸೊರಟೂರಾಕಿ. ಈಗ ಲಕ್ಷ್ಮೇಶ್ವರದ ಸಾಲ್ಯಾಗ ಆಟ ಕಲಸ್ತೀನ್ರಿ. ಸರ್ ಇರದಿದ್ರ ನಾನು ಎಲ್ಲೆರ ಹೊಲದಾಗ ಕಳಿ ತಗೀತಿದ್ದೆ.”

ಶೀತಲ್ ಹತ್ತಿರ ಸರಿದು ಕುಳಿತಳು. ಕೇಳದೆ ಇರಲು ಅವಳಿಂದ ಆಗಲಿಲ್ಲ. “ಮುಂಡರಗಿ ಸೈಕಲ್ ರೇಸಿನ್ಯಾಗ ಇದ್ದಾಕಿ ನೀವೇನ್ರಿ?”

ಕಾವೇರಿ ಅವಳನ್ನು ದಿಟ್ಟಿಸಿದಳು. ಆಮೇಲೆ ಹೇಳತೊಡಗಿದಳು.

*

ಗದಗಿನಿಂದ ಮುಂಡರಗಿಗೆ ರೇಸು. ಹದಿನಾರರ ಕಾವೇರಿ ಡಂಬಳ ದಾಟಿದ ಮೇಲೆ ತಗ್ಗಿನಲ್ಲಿ ಬಿದ್ದಳು. ಮುಂದಿನ ಗಾಲಿ ಸೊಟ್ಟಗಾಗಿ ತಿರುಗದಾಯಿತು. ಗುರಿ ತಲುಪಿದವರನ್ನಷ್ಟೇ ಕ್ರೀಡಾ ಹಾಸ್ಟೆಲಿನ ಆಯ್ಕೆಗೆ ಕರೆಯುತ್ತಿದ್ದರು. ಬೇರೆಯವರು ಸೈಕಲ್ ಮುಟ್ಟಿದರೆ ಲೆಕ್ಕಕ್ಕಿಲ್ಲ. ಅವಳು ಸೈಕಲನ್ನು ಹೆಗಲಿಗೇರಿಸಿ ಅಳುತ್ತ ನಡೆದಳು.

ಹಿಂದಿನಿಂದ ‘ಪ್ರೆಸ್’ ಎಂದು ಬರೆದಿದ್ದ ಸ್ಕೂಟರ್ ಬಂದು ನಿಂತಿತು.

“ನೀವು ಹೋಗ್ರಿ ಸರ್. ನಿಮ್ಮ ಸುದ್ದಿ ಮುಂದ ಹೋತು,” ಎಂದಳು.

ಮುರ್ತುಜಾ ಮುಂದಿನ ರಸ್ತೆ ನೋಡಿದರು, ಹಿಂದಿನ ರಸ್ತೆ ನೋಡಿದರು. ಎರಡೂ ಖಾಲಿ. ಸ್ಕೂಟರ್ ಬಂದ್ ಮಾಡಿ ಕೆಳಗಿಳಿದರು.

“ನಾ ಮುಟ್ಟೂದಿಲ್ಲ. ನೀ ನಡಿ. ಹಿಂದ ಬರ್ತೀನಿ.”

ಸ್ಕೂಟರ್ ತಳ್ಳುತ್ತ ಹಿಂದೆಯೇ ಬಂದರು. ಅವಳು ಕುಳಿತಾಗ ತಾವೂ ದೂರದಲ್ಲಿ ಕುಳಿತರು. ಮುಂಡರಗಿ ತಲುಪಿದಾಗ ಹೊತ್ತು ಮುಳುಗಿತ್ತು. ಪೆಂಡಾಲು ಬಿಚ್ಚಿದ್ದರು, ಫೋನ್ ಬೂತೂ ಮುಚ್ಚಿತ್ತು. ಚಹಾದಂಗಡಿಯಲ್ಲಿ ಕುಳಿತಿದ್ದ ನಿರ್ಣಾಯಕರ ಮುಂದೆ ನಿಂತು, “ಈ ಹುಡುಗಿ ರೇಸ್ ಮುಗಿಸ್ಯಾಳ. ಯಾರೂ ಕೈ ಹಚ್ಚಿಲ್ಲ, ನಾ ಸಾಕ್ಷಿ,” ಎಂದರು. ಅವಳ ಹೆಸರು ಬರೆಸುವವರೆಗೂ ಅಲ್ಲಿಂದ ಕದಲಲಿಲ್ಲ. ಹುಡುಗಿಯರನ್ನು ವಾಪಸ್ ಒಯ್ಯುವ ಟೆಂಪೋ ಬಂದೊಡನೆ ಸ್ಕೂಟರ್ ಏರಿ ಹೊರಟುಹೋದರು.

*

“ಖರೆ ಹೇಳಿ ಮೈದಾನದ ಕೆಲಸ ಉಳಿಸಿಕೋಬಹುದಿತ್ತಲ್ರಿ?” ಎಂದಳು ಶೀತಲ್.

“ಹೆಂಗ ಹೇಳ್ತಾರವಾ? ಖಾಲಿ ರಸ್ತಾದಾಗ ಹೊತ್ತು ಮುಳುಗೂ ತನಕಾ ಗಂಡಸಿನ ಜೋಡಿ ಬಂದ್ಲು ಅಂತ ಊರಾಗ ಗೊತ್ತಾಗಿದ್ರ ನಮ್ಮಪ್ಪ ಸೈಕಲ್ ಮಾರಿ, ನನಗೊಂದು ಗಂಡು ಹುಡುಕತಿದ್ದ. ನನಗ ನೌಕರಿ ಹತ್ತಿದ ಮ್ಯಾಲ, ಈಗರ ಹೇಳ್ತೀನ್ರಿ ಸರ್ ಅಂದೆ. ಹಳೇ ಸುದ್ದಿ ಯಾರು ಓದ್ತಾರ ಬಿಡು ಅಂದ್ರು.” ಕಾವೇರಿ ಕಣ್ಣೊರೆಸಿಕೊಂಡಳು. “ನೀ ಬರಿಯವಾ. ನನ್ನ ಹೆಸರು ಹಾಕೇ ಬರಿ.”

ಕಟ್ಟೆಯ ಮೇಲಿಂದ ಎಲ್ಲ ಕೇಳಿಸಿಕೊಂಡ ಹೇಮಪ್ಪ ಟೊಪ್ಪಿಗೆ ತೆಗೆದು ತೊಡೆಯ ಮೇಲಿಟ್ಟುಕೊಂಡರು. “ಹುಚ್ಚ,” ಎಂದರು ಮೆಲ್ಲಗೆ. “ಹುಚ್ಚ ನನಮಗ. ನನಗರ ಹೇಳಬಾರದಾ?”

“ಅವತ್ತ ಚಪ್ಪಲಿ ಹರಕೊಂಡು ಬಂದಿದ್ರು,” ಎಂದರು ಸಾಬೀರಾ ಪರದೆಯ ಮರೆಯಿಂದ. “ಅಷ್ಟು ದೂರ ನಡದ್ರಾ? ನನ್ನ ಜೋಡಿ ಬಜಾರಕ್ಕ ಬರ್ರಿ ಅಂದ್ರ ಕಾಲು ನೋಯ್ತಾವ ಅಂತಿದ್ರು. ಹೆಂಗ ನಡದ್ರವಾ? ನನಗೊಂದೀಟು ತೋರಸು.”

ಕಾವೇರಿ ಎದ್ದಳು. ಸರ್ ಅವರನ್ನು ಮೀಯಿಸಿದ ನೀರು ಅಂಗಳದ ಕಲ್ಲಿನ ಮೇಲೆ ಇನ್ನೂ ಆರಿರಲಿಲ್ಲ. ಅವಳು ಬೆನ್ನು ಬಾಗಿಸಿ, ಇಲ್ಲದ ಸ್ಕೂಟರಿನ ಹಿಡಿಕೆಗಳನ್ನು ಎರಡೂ ಕೈಯಲ್ಲಿ ಹಿಡಿದು, ಉಸ್ಸೆಂದು ಉಸಿರು ಬಿಡುತ್ತ ಆ ಒದ್ದೆ ಕಲ್ಲಿನ ಮೇಲೆ ಹೆಜ್ಜೆಯಿಟ್ಟಳು.

ಸಾಬೀರಾ ಪರದೆ ಪೂರ್ತಿ ಸರಿಸಿ ಮುಂದಕ್ಕೆ ಬಾಗಿದರು. “ಇಷ್ಟು ಮೆಲ್ಲಗ?”

“ಇಲ್ರಿ ಚಾಚಿ. ಇನ್ನೂ ಮೆಲ್ಲಗ,” ಎಂದು ಕಾವೇರಿ ಗೋಡೆಯ ಹತ್ತಿರ ತಿರುಗಿಕೊಂಡು, ಮತ್ತಷ್ಟು ನಿಧಾನವಾಗಿ ತಳ್ಳುತ್ತ ಬಂದಳು.