ನೇರಳೆ ಬಾನಿಗೆ ಬಿದ್ದ ಮದುವೆ ಶಾಲು

ಮಗಳ ಮದುವೆಗೆ ಇನ್ನು ಮೂರೇ ದಿನ ಎನ್ನುವಾಗ ವದಾದಳ ಮನೆಯಲ್ಲಿ ಕಾಫಿ ಚೆಲ್ಲಿತು. ನೆಲದ ಮೇಲೆ ಚೆಲ್ಲಿದ್ದರೆ, ಬೈರೂತಿನ ದಕ್ಷಿಣಕ್ಕಿರುವ ಈ ಸೂರ್ ಪಟ್ಟಣದಲ್ಲಿ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಶುಭ ಸೂಚನೆ ಅಂತ ನಕ್ಕು ಇನ್ನೊಂದು ಬಟ್ಟಲು ಬಗ್ಗಿಸಿಕೊಳ್ಳುತ್ತಾರೆ. ಆದರೆ ಇದು ಚೆಲ್ಲಿದ್ದು ಬೀಗಿತ್ತಿ ನಜೀರಾ ಸೈದಾ ಊರಿನಿಂದ ಕಳಿಸಿದ್ದ ಬಿಳಿ ರೇಷ್ಮೆ ಶಾಲಿನ ಮೇಲೆ. ಗಂಡಿನ ಮನೆಯ ಶಾಲು ಹೊದ್ದೇ ಹುಡುಗಿ ತವರಿನ ಹೊಸ್ತಿಲು ದಾಟಬೇಕೆಂಬುದು ಆ ಮನೆತನದ ಕಟ್ಟಳೆ.

ತಪ್ಪು ಪಕ್ಕದ ಮನೆಯ ಬಹಿಯಾಳದ್ದು. ಕುಡಿದ ಬಟ್ಟಲನ್ನು ಬೋರಲು ಹಾಕಿ, ತಳಕ್ಕೆ ಅಂಟಿದ ಗಸಿಯಲ್ಲಿ ಭವಿಷ್ಯ ಓದುವುದರಲ್ಲಿ ಅವಳದು ಎತ್ತಿದ ಕೈ. ಮದುಮಗಳು ನುಹಾಳ ಬಟ್ಟಲು ಎತ್ತಿಕೊಂಡು, "ಹಕ್ಕಿ ಕಾಣಿಸ್ತಿದೆ ನೋಡ್ರೇ, ಒಳ್ಳೆ ಸುದ್ದಿ ಬರತ್ತೆ" ಎನ್ನುತ್ತ ಎಲ್ಲರಿಗೂ ತೋರಿಸಲು ವಾಲಿಸಿದಳು. ಹಕ್ಕಿ ಹಾರಲಿಲ್ಲ, ಜಾರಿತು. ನೆಂಟರು ನೋಡಲೆಂದು ಮಂಚದ ಮೇಲೆ ಹರಡಿದ್ದ ಶಾಲಿನ ನಟ್ಟನಡುವೆ ಅಂಗೈಯಗಲದ ಕಪ್ಪು ಕಲೆ ಕೂತಿತು.

ಉಪ್ಪು ಹಾಕಿದರು. ನಿಂಬೆಹಣ್ಣು ಉಜ್ಜಿದರು. ಬಹಿಯಾ ತನ್ನ ಅಜ್ಜಿ ಹೇಳಿಕೊಟ್ಟದ್ದೆಂದು ಹಾಲು ಸುರಿದಳು. ಅಂಗೈಯಗಲ ಇದ್ದದ್ದು ತಟ್ಟೆಯಗಲ ಆಯಿತು.

"ಇಂಥದ್ದೇ ಇನ್ನೊಂದು ತಂದುಬಿಡೋಣ ಬಿಡೇ" ಎಂದಳು ಬಹಿಯಾ, ಮುಖ ಸಣ್ಣಗೆ ಮಾಡಿಕೊಂಡು.

"ಅಂಚಲ್ಲಿ ಅವರ ಮನೆತನದ ಹೆಸರು ನೇಯ್ಸಿದ್ದಾಳೆ ಕಣೇ. ಆ ಹೆಸರನ್ನ ಎಲ್ಲಿಂದ ತರ್ತೀಯ? ಇನ್ನು ನೀನು ಹಾಲೂ ಹಾಕ್ಬೇಡ, ಭವಿಷ್ಯಾನೂ ಹೇಳ್ಬೇಡ" ಎಂದು ವದಾದ್ ಗದರಿದಳು.

ನುಹಾ ಮಾತ್ರ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. "ಅಮ್ಮ, ಮದುವೆ ಆಗೋದು ನಾನು, ಶಾಲಲ್ಲ."

ಅವಳಿಗೇನು, ಪ್ರೀತಿಸಿದ ಹುಡುಗ ಸಿಕ್ಕಿದ್ದ. ವದಾದಳಿಗೆ ಗೊತ್ತಿದ್ದದ್ದು ಬೇರೆ. ನಜೀರಾಳ ಹಿರಿಸೊಸೆ ಮದುವೆಯ ದಿನ ಒಂದು ಪಿಂಗಾಣಿ ಬಟ್ಟಲು ಒಡೆದಿದ್ದಳು. ಅದಾಗಿ ಹನ್ನೊಂದು ವರ್ಷ. ಇವತ್ತಿಗೂ ಆ ಮನೆಯಲ್ಲಿ ಕಾಫಿ ತಂದಾಗಲೆಲ್ಲ ನಜೀರಾ, "ಮೆಲ್ಲಗೆ ಇಡಮ್ಮ, ನಿನ್ನ ಕೈ ನನಗೆ ಗೊತ್ತು" ಎನ್ನುವುದು ತಪ್ಪಿಲ್ಲ. ಬಟ್ಟಲಿಗೇ ಹನ್ನೊಂದು ವರ್ಷವಾದರೆ ಶಾಲಿಗೆ ಎಷ್ಟು? ತನ್ನ ಒಬ್ಬಳೇ ಮಗಳು ತಲೆ ನರೆಯುವ ತನಕ ಈ ಮಾತು ಕೇಳಬೇಕಲ್ಲ ಎಂಬುದೇ ವದಾದಳ ಚಿಂತೆ.

ಮಾರನೆಯ ಬೆಳಿಗ್ಗೆ ಅವಳು ಶಾಲನ್ನು ಕಂಕುಳಲ್ಲಿ ಇರುಕಿಕೊಂಡು ಕೆಲಸಕ್ಕೆ ಹೊರಟಳು. ಹತ್ತೊಂಬತ್ತು ವರ್ಷದಿಂದ ವದಾದ್ ಉತ್ಖನನದಲ್ಲಿ ಮಡಕೆ ಚೂರು ತೊಳೆಯುವವಳು. ಹಳೆಯ ಹಲ್ಲುಜ್ಜುವ ಬ್ರಷ್ಷು, ಒಂದು ಬಕೆಟ್ ನೀರು, ಕೂರಲು ಮೊಣಕಾಲೆತ್ತರದ ಮಣೆ. ಅವಳ ಕೈಯಲ್ಲಿ ಹಾದು ಹೋಗದ ಚೂರು ಆ ಊರಿನಲ್ಲಿ ಇಲ್ಲ. ಎರಡು ವರ್ಷದ ಕೆಳಗೆ ಕಡಲ ದಂಡೆಯಲ್ಲಿ ಎರಡೂವರೆ ಸಾವಿರ ವರ್ಷದ ಹಿಂದಿನ ಬಣ್ಣಗಾರರ ಅಂಗಳವೊಂದು ಸಿಕ್ಕಿತ್ತು. ಬಂಡೆಯಲ್ಲಿ ಕೊರೆದ ಬಾನಿಗಳು, ಪಕ್ಕದಲ್ಲಿ ಒಡೆದ ಮುಳ್ಳುಚಿಪ್ಪುಗಳ ಗುಡ್ಡೆ. ಆ ಚಿಪ್ಪಿನೊಳಗಿನ ಬಸವನಹುಳುವಿನಿಂದಲೇ ಅಂದಿನವರು ದೊರೆಗಳು ಉಡುವ ನೇರಳೆ ಬಣ್ಣ ತೆಗೆಯುತ್ತಿದ್ದರು. ಅದನ್ನು ಮತ್ತೆ ತೆಗೆದೇ ತೀರುತ್ತೇನೆಂದು ಉತ್ಖನನದ ಮುಖ್ಯಸ್ಥೆ ಡಾಕ್ಟರ್ ಮೈಸಾ ಹಟ ಹಿಡಿದಿದ್ದಳು. ವದಾದಳ ಗಂಡ ಇಲ್ಯಾಸ್ ಬೆಸ್ತ. ಬುಟ್ಟಿಗಟ್ಟಲೆ ಹುಳು ತಂದು ಸುರಿಯುವವನು ಅವನೇ. ಹುಳುವಿನಿಂದ ತೆಗೆದ ಸಾರವನ್ನು ಬೂದಿನೀರಿಗೆ ಹಾಕಿ, ಮಣ್ಣಿನ ಬಾನಿಯಲ್ಲಿ ಹತ್ತು ದಿನ ಬೆಚ್ಚಗೆ ಇಡಬೇಕು. ಆ ನಾತಕ್ಕೆ ಬೀದಿನಾಯಿಗಳೂ ಆ ಕಡೆ ಸುಳಿಯುವುದನ್ನು ಬಿಟ್ಟಿದ್ದವು. ಎರಡು ಸಲ ಹೀಗೆ ಮಾಡಿ, ಎರಡು ಸಲವೂ ಬಟ್ಟೆ ನೀಲಿಯಾಗಿ ಹೊರಬಂದಿತ್ತು. ಈಗಿನದು ಮೂರನೆಯ ಬಾನಿ, ಒಂಬತ್ತನೆಯ ದಿನ.

ವದಾದ್ ಶಾಲು ಬಿಚ್ಚಿ ತೋರಿಸಿದಳು. "ಡಾಕ್ಟ್ರಮ್ಮ, ಇದನ್ನ ನಿಮ್ಮ ಬಾನಿಗೆ ಹಾಕ್ಬೇಕು."

"ತಲೆ ಕೆಟ್ಟಿದೆಯಾ ವದಾದಕ್ಕ? ಇದೂ ನೀಲಿಯಾದ್ರೆ? ಮದುಮಗಳನ್ನ ಸ್ಕೂಲ್ ಹುಡುಗಿ ಥರ ಕಳಿಸ್ತೀರಾ?"

"ಅದಕ್ಕೇ ಈ ಸಲ ನೀಲಿ ಆಗಬಾರದು. ನೀಲಿ ಯಾಕಾಗತ್ತೆ ಅಂತ ನಂಗೊಂದು ಅನುಮಾನ ಇದೆ. ಬೈಯಲ್ಲ ಅಂದ್ರೆ ಹೇಳ್ತೀನಿ."

ಮೈಸಾ ಬೈಯುವವಳಲ್ಲ, ಬರೆದುಕೊಳ್ಳುವವಳು. ಆಗಲೇ ಪುಸ್ತಕ ತೆರೆದಿದ್ದಳು.

"ಹೋದ ವರ್ಷ ಬಾನಿ ಪಕ್ಕದಲ್ಲೇ ದುಂಡನೆ ಅಗಲದ ಮಣ್ಣಿನ ಬಿಲ್ಲೆ ಸಿಕ್ತಲ್ಲ, ಮೂರು ಚೂರಾಗಿ? ನೀವು ಅದನ್ನ ಏನಂತ ಬರ್ಕೊಂಡ್ರಿ?"

"ತಟ್ಟೆ. ರೊಟ್ಟಿ ಇಡೋ ತಟ್ಟೆ."

"ತೊಳೆದವಳು ನಾನು. ಅದರ ಒಂದೇ ಮಗ್ಗುಲಲ್ಲಿ ನೇರಳೆ ಕಲೆ ಇತ್ತು, ಬ್ರಷ್ಷು ಸವೆದ್ರೂ ಹೋಗಲಿಲ್ಲ. ಇನ್ನೊಂದು ಮಗ್ಗುಲಲ್ಲಿ ಹಿಡಿ. ಹಿಡಿ ಕೆಳಗೆ ಬರೋ ಹಾಗೆ ತಟ್ಟೆ ಇಟ್ರೆ ಅದು ನಿಲ್ಲತ್ತಾ ಡಾಕ್ಟ್ರಮ್ಮ? ಅದು ಮುಚ್ಚಳ. ಆಗಲೇ ಹೇಳಿದ್ದೆ, ನೀವು ಕೇಳಿಸ್ಕೊಳ್ಳಲಿಲ್ಲ."

ಮೈಸಾ ಪೆನ್ನು ಕೆಳಗಿಟ್ಟಳು.

"ನೀವು ಬಾನಿಗೆ ಗಾಜು ಮುಚ್ತೀರಿ, ಒಳಗೇನಾಗ್ತಿದೆ ನೋಡೋಕೆ. ಅಂಗಳದಲ್ಲಿ ಬಿಸಿಲು ಸುರೀತಿರತ್ತೆ. ಆ ಕಾಲದವರಿಗೆ ಈ ನೋಡೋ ಚಟ ಇರಲಿಲ್ಲ. ಬಾನಿಯೊಳಗೆ ಬೆಳಕು ಬಿದ್ದು ಬಣ್ಣ ನೀಲಿಗೆ ತಿರುಗಬಾರದು ಅಂತಲೇ ದಪ್ಪ ಮಣ್ಣಿನ ಮುಚ್ಚಳ ಮಾಡ್ಕೊಂಡಿದ್ರು."

ಇಬ್ಬರೂ ಕೂಡಲೇ ಎದ್ದರು. ಅಂಟಿಸಿಟ್ಟಿದ್ದ ಬಿಲ್ಲೆಯನ್ನು ಕಪಾಟಿನಿಂದ ತೆಗೆದು, ಹಸುಗೂಸನ್ನು ಒಯ್ಯುವ ಹಾಗೆ ನಾಲ್ಕು ಕೈಯಲ್ಲಿ ಹಿಡಿದು, ಅಗೆದ ಅಂಗಳಕ್ಕೆ ಇಳಿದರು. ಬಂಡೆಯ ಬಾನಿಯ ಬಾಯಿಯ ಸುತ್ತ ಬೆರಳಗಲದ ಒಂದು ಅಂಚು ಕೊರೆದಿತ್ತು. ಅದು ಯಾಕಿದೆಯೆಂದು ಎರಡು ವರ್ಷದಿಂದ ಯಾರಿಗೂ ಹೊಳೆದಿರಲಿಲ್ಲ. ಬಿಲ್ಲೆಯನ್ನು ಮೆಲ್ಲಗೆ ಇಳಿಸಿದರು. ಅದು ಆ ಅಂಚಿನೊಳಗೆ ಕೂತುಬಿಟ್ಟಿತು, ಒಂದು ಕೂದಲೂ ತೂರದ ಹಾಗೆ.

ಮೈಸಾ ಅಲ್ಲೇ ಮಣ್ಣಿನ ಮೇಲೆ ಕೂತು ನಗತೊಡಗಿದಳು. "ವದಾದಕ್ಕ, ರೊಟ್ಟಿ ತಟ್ಟೆ ಅಂತ ನಾನು ಮೂರು ಕಡೆ ಬರೆದಿದ್ದೀನಿ. ಒಂದು ಕಡೆ ಅಚ್ಚೂ ಆಗಿದೆ."

"ಆಗ್ಲಿ ಬಿಡಿ. ರೊಟ್ಟೀನೂ ಮುಚ್ಚಿಡಬಹುದು" ಎಂದಳು ವದಾದ್. ಎರಡು ದಿನದಲ್ಲಿ ಅವಳು ನಕ್ಕದ್ದು ಅದೇ ಮೊದಲು.

ಮೂರನೆಯ ಬಾನಿಯ ರಸ ಅವತ್ತಷ್ಟೇ ಹಸಿರಿಗೆ ತಿರುಗಲು ಶುರುವಾಗಿತ್ತು. ಬೆಳಕಿಗೆ ಕೆಡುವುದಾದರೆ ಇನ್ನು ಮೇಲೆ ಕೆಡಬೇಕು. ಗಾಜು ತೆಗೆದೆಸೆದರು. ಇಲ್ಯಾಸ್ ದೋಣಿಯ ಹಳೆಯ ಹಲಗೆ ಕೊಯ್ದು ಮುಚ್ಚಳ ಮಾಡಿದ, ಮೇಲೆ ಕಪ್ಪು ಟಾರ್ಪಾಲು ಬಿಗಿದ. ಮೈಸಾ ಒಂದೊಂದು ಗಂಟೆಗೂ ಬಂದು ಟಾರ್ಪಾಲಿನ ಸುತ್ತ ಒಂದು ಸುತ್ತು ಹಾಕುವಳು. ವದಾದ್ ಮಣೆ ಹಾಕಿಕೊಂಡು ಕಾವಲು ಕೂತಳು.

"ಒಂದೇ ಒಂದ್ಸಲ ಇಣುಕಿ ನೋಡ್ಲಾ?"

"ಕೈ ಮುರೀತೀನಿ ಡಾಕ್ಟ್ರಮ್ಮ."

ಶನಿವಾರ ಮಧ್ಯಾಹ್ನ ಬಾನಿಯನ್ನು ಅಂಗಳದ ಪಕ್ಕದ ಕೊಟ್ಟಿಗೆಗೆ ಸಾಗಿಸಿ, ಬಾಗಿಲು ಕಿಟಕಿ ಮುಚ್ಚಿ ಶಾಲನ್ನು ಅದ್ದಿದರು. ಕೋಲು ಆಡಿಸಿದರೆ ರೇಷ್ಮೆ ಹರಿದೀತೆಂದು ವದಾದ್ ಎರಡೂ ಕೈಯನ್ನು ಮೊಣಕೈವರೆಗೆ ಇಳಿಸಿ, ತಳದಲ್ಲೇ ಶಾಲನ್ನು ತಿರುವುತ್ತಾ ಹೋದಳು. ಮೂಗಿಗೆ ಬಟ್ಟೆ ಕಟ್ಟಿಕೊಂಡು ನುಹಾ ಪಕ್ಕದಲ್ಲಿ ನಿಂತಿದ್ದಳು. ಮೈಸಾ ಗಡಿಯಾರ ನೋಡುತ್ತಿದ್ದಳು. ಸಾಕು ಎಂದಾಗ ವದಾದ್ ಎತ್ತಿದಳು.

ಶಾಲು ಹಳದಿ ಹಸಿರಾಗಿತ್ತು. ಬೆಂದ ಬೆಂಡೆಕಾಯಿಯ ಬಣ್ಣ.

ಹೋಯಿತು, ಎಲ್ಲ ಹೋಯಿತು, ಕಾಫಿಯ ಕಲೆಯೇ ಎಷ್ಟೋ ವಾಸಿಯಾಗಿತ್ತು ಎಂದುಕೊಂಡಳು ವದಾದ್. ಕಣ್ಣು ತುಂಬಿ ಬಂತು. ಮೈಸಾ ಮಾತ್ರ, "ಹಿಡ್ಕೊಂಡಿರಿ, ಬಿಡಬೇಡಿ, ಗಾಳಿ ಆಡ್ಲಿ" ಎನ್ನುತ್ತ ಬಾಗಿಲು ತೆರೆದಳು. ಕಡಲ ಗಾಳಿ ಒಳಗೆ ನುಗ್ಗಿತು. ಮೊದಲು ಅಂಚಿನಲ್ಲಿ ಹಸಿರು ಮಾಸಿತು. ಆಮೇಲೆ ನೀಲಿಯೊಂದು ಹಾದು ಹೋಯಿತು; ಆಗ ಮೂವರೂ ಉಸಿರು ಹಿಡಿದರು. ನೀಲಿ ನಿಲ್ಲಲಿಲ್ಲ. ಅದರ ಅಡಿಯಿಂದ ಕೆಂಪು ಏರುತ್ತಾ ಬಂದು, ಅವರ ಕಣ್ಣೆದುರಿಗೇ ಶಾಲು ಇಡಿಯಾಗಿ ನೇರಳೆಯಾಯಿತು. ಕಲೆ ಎಲ್ಲಿತ್ತೆಂದು ಹುಡುಕಿದರೂ ಸಿಗಲಿಲ್ಲ. ಅಂಚಿನ ಹೆಸರನ್ನು ಬೆಳ್ಳಿ ಎಳೆಯಲ್ಲಿ ನೇಯ್ದಿದ್ದರಿಂದ ಅದಷ್ಟು ಬಣ್ಣ ಹಿಡಿಯದೆ ಹೊಳೆಯುತ್ತಿತ್ತು.

ಡಾಕ್ಟರ್ ಮೈಸಾ, ಎರಡು ದೇಶಗಳಲ್ಲಿ ಓದಿ ಬಂದವಳು, ಬಕೆಟ್ ಬೋರಲು ಹಾಕಿ ತಾಳ ಹಾಕಿದಳು. ನುಹಾ ಕುಣಿದಳು. ಹೊರಗಿನಿಂದ ಇಲ್ಯಾಸ್ ಇಣುಕಿ, "ಬಂತೇನೇ?" ಎಂದವನು ಶಾಲು ನೋಡಿ ಟೋಪಿ ತೆಗೆದ.

ಇನ್ನು ನಾತ. ಐದು ಸಲ ಸಾಬೂನು ಹಾಕಿ ಒಗೆದರು, ಕಿತ್ತಳೆ ಹೂವಿನ ನೀರಿನಲ್ಲಿ ಅದ್ದಿಟ್ಟರು. ಬೆಳಗಾಗುವ ಹೊತ್ತಿಗೆ ಅದು ಕಿತ್ತಳೆ ಹೂವಿನ ಜೊತೆ ಮೀನು ನಾರುತ್ತಿತ್ತು. ವದಾದಳ ಕೈಯಂತೂ ಮೊಣಕೈವರೆಗೆ ನೇರಳೆ, ಉಗುರು ಕಪ್ಪು. ಉಜ್ಜಿದಷ್ಟೂ ಮಿನುಗುತ್ತಿತ್ತು.

ಭಾನುವಾರ ನಜೀರಾ ಬಂದಳು. ಹಿಂದೆ ಏಳು ಕಾರು, ತಮಟೆಯವರು, ಹಿರಿಸೊಸೆ. ವದಾದ್ ಉದ್ದ ತೋಳಿನ ಅಂಗಿ ತೊಟ್ಟು, ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಬೀಗಿತ್ತಿ ಕೈ ಚಾಚಿದರೂ ಅವಳು ಕೈ ಕೊಡಲಿಲ್ಲ. ನಜೀರಾಳ ಹುಬ್ಬು ಏರಿತು. ಅಷ್ಟರಲ್ಲಿ ನುಹಾ ಶಾಲು ಹೊದ್ದು ಒಳಗಿನಿಂದ ಬಂದಳು. ತಮಟೆ ನಿಂತಿತು.

"ನಾನು ಬಿಳಿ ಶಾಲು ಕಳಿಸಿದ್ದೆ" ಎಂದಳು ನಜೀರಾ.

ಬಹಿಯಾ ನಡುವೆ ಬಾಯಿ ಹಾಕಿದಳು. "ನಮ್ಮ ಕಡೆ ಇದೇ ಪದ್ಧತಿ ಕಣ್ರೀ. ಬೈರೂತಿಗೆ ಕಳಿಸಿ, ದೊಡ್ಡ ಅಂಗಡೀಲಿ ಬಣ್ಣ ಹಾಕಿಸಿದ್ದು."

ಆ ಸುಳ್ಳು ನಿಲ್ಲುತ್ತಿತ್ತೋ ಏನೋ. ವದಾದಳಿಗೆ ತಡೆಯಲಾಗಲಿಲ್ಲ. ಎರಡೂವರೆ ಸಾವಿರ ವರ್ಷದ ಮೇಲೆ ಬಂದ ಬಣ್ಣವನ್ನು ಯಾವುದೋ ಅಂಗಡಿಯ ಪಾಲು ಮಾಡುವುದೇ? ಅವಳು ತೋಳು ಮೇಲಕ್ಕೆ ಸರಿಸಿ ಎರಡೂ ಕೈ ಮುಂದೆ ಚಾಚಿದಳು.

"ಬೀಗಿತ್ತಿ, ಅದೆಲ್ಲ ಸುಳ್ಳು. ನಿಮ್ಮ ಶಾಲಿನ ಮೇಲೆ ಕಾಫಿ ಚೆಲ್ಲಿತು. ಬಣ್ಣ ಹಾಕಿದವಳು ನಾನೇ. ಏನನ್ನೋದಿದ್ರೂ ನಂಗೇ ಅನ್ನಿ. ನನ್ನ ಮಗಳಿಗೆ ಮಾತ್ರ ಯಾವತ್ತೂ ಅನ್ನಬೇಡಿ."

ಹಿರಿಸೊಸೆ ತಲೆ ತಗ್ಗಿಸಿದಳು. ನಜೀರಾ ವದಾದಳ ಕೈಯನ್ನು ಹಿಡಿದು ಬೆಳಕಿಗೆ ತಿರುಗಿಸಿದಳು. ಉಗುರು, ಬೆರಳ ಸಂದು, ಮಣಿಕಟ್ಟು, ಎಲ್ಲ ನೋಡಿದಳು. ಬಗ್ಗಿ ಮೂಸಿದಳು. ಆಮೇಲೆ ಶಾಲನ್ನು ಮೂಸಿದಳು.

"ಇದು ಹುಳುವಿನ ಬಣ್ಣ. ನಮ್ಮ ಸೈದಾದಲ್ಲಿ ಆ ಚಿಪ್ಪಿನ ಗುಡ್ಡದ ಬುಡದಲ್ಲೇ ನಾನು ಆಡಿ ಬೆಳೆದದ್ದು. ಈ ಬಣ್ಣ ನಮ್ಮೂರಿಂದು."

"ಸೂರಿಂದು" ಎಂದಳು ವದಾದ್. ಎಲ್ಲ ಬಿಟ್ಟವಳು ಅದೊಂದನ್ನು ಬಿಡಲಾರಳು.

"ಸೈದಾದ್ದು. ಇರ್ಲಿ, ಅದನ್ನ ಆಮೇಲೆ ಜಗಳ ಆಡೋಣ." ನಜೀರಾಳ ದನಿ ಇದ್ದಕ್ಕಿದ್ದಂತೆ ಇಳಿಯಿತು. "ನಾನು ದುಡ್ಡು ಕೊಟ್ಟು ಯಾರ ಕೈಲೋ ನೇಯ್ಸಿ ಕಳಿಸ್ದೆ. ನೀನು ನಿನ್ನ ಕೈಯನ್ನೇ ಅದ್ದಿ ತೆಗ್ದಿದ್ದೀಯಲ್ಲೇ." ಅವಳು ತಾನೇ ಶಾಲನ್ನು ನುಹಾಳ ತಲೆಯ ಮೇಲೆ ಸರಿಮಾಡಿದಳು. "ಈ ವಾಸನೆ ಯಾವಾಗ ಹೋಗತ್ತೆ?"

"ಹೋಗಲ್ಲ ಅಂತಾರೆ ಡಾಕ್ಟ್ರಮ್ಮ."

"ಒಳ್ಳೇದಾಯ್ತು. ಮನೇಲಿ ಯಾರಾದ್ರೂ ಈ ಹುಡುಗಿ ಮೇಲೆ ದನಿ ಎತ್ತೋಕೆ ಹೋದ್ರೆ, ಅವಳಮ್ಮ ಹಿಂದೆನೇ ನಿಂತಿದ್ದಾಳೆ ಅಂತ ಮೂಗಿಗೆ ಹೊಡೆಯತ್ತೆ. ನನ್ನ ಮೂಗಿಗೂ."

ಹಿರಿಸೊಸೆ ಕಿಸಕ್ಕನೆ ನಕ್ಕಳು. ನಜೀರಾ ಅವಳ ಕಡೆ ತಿರುಗಿದಳು, ಏನೋ ಅನ್ನಲು ಬಾಯಿ ತೆರೆದಳು, ಅನ್ನಲಿಲ್ಲ. ತಾನೂ ನಕ್ಕಳು. ತಮಟೆ ಮತ್ತೆ ಶುರುವಾಯಿತು. ವದಾದ್ ಬೀಗಿತ್ತಿಯ ಹೊಸ ಅಂಗಿಯ ತೋಳನ್ನು ತನ್ನ ನೇರಳೆ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡು ಅತ್ತಳು, ನಕ್ಕಳು, ಮಗಳನ್ನು ಹೊಸ್ತಿಲು ದಾಟಿಸಿದಳು.