ಬರುವ ಗಾಡಿಯ ತೂಕ

ಹಳೆಯ ವ್ಯಾಗನ್ನಿನ ಹಿಂದಿನ ಬಂಪರನ್ನು ಕತ್ತರಿಸಲೇಬೇಕು ಎಂದು ಮೇಸ್ತ್ರಿ ಹೇಳಿದ ದಿನ ಇಂಚು ಮಾವ ಊಟ ಬಿಟ್ಟರು. ಪೂರ್ತಿ ಬಿಟ್ಟರು ಎನ್ನುವಂತಿಲ್ಲ. ಎರಡನೇ ಸಲ ಬಡಿಸಿಕೊಳ್ಳಲಿಲ್ಲ, ಅಷ್ಟೇ. ಅವರ ಮಟ್ಟಿಗೆ ಅದೇ ಉಪವಾಸ.

ಮೂವತ್ತಾರು ವರ್ಷ ಸರ್ವೆ ಇಲಾಖೆಯಲ್ಲಿ ಭೂಮಿ ಅಳೆದವರು ಅವರು. ಮೂರು ಸಲ ಅಳೆಯದೆ ಗೋಡೆಗೆ ಒಂದು ಮೊಳೆಯನ್ನೂ ಹೊಡೆದವರಲ್ಲ. ಆ ಹೆಸರು ಯಾರು ಇಟ್ಟರೋ ಗೊತ್ತಿಲ್ಲ, ಬೀದಿಗೆ ಬೀದಿಯೇ ಅವರನ್ನು ಇಂಚು ಮಾವ ಎಂದು ಕರೆಯುತ್ತಿತ್ತು. ನಾಲ್ಕೂ ಚಕ್ರ ಎಳೆಯುವ ಆ ವ್ಯಾಗನ್ ಇಲಾಖೆಯದೇ. ಕಲ್ಲುಗುಡ್ಡ, ಕೆಸರು, ಹೊಳೆದಂಡೆ ಎಲ್ಲ ಅದರಲ್ಲೇ ತಿರುಗಿದ್ದರು. ನಿವೃತ್ತಿಯಾದಾಗ ಅದನ್ನೂ ಹರಾಜಿನಲ್ಲಿ ಕೊಂಡು ಮನೆಗೆ ಕರೆತಂದರು. ವಾರಕ್ಕೊಮ್ಮೆ ತೊಳೆದು, ಬೀದಿಯ ತುದಿಯವರೆಗೆ ಓಡಿಸಿ, ಮತ್ತೆ ಹೊದಿಕೆ ಹೊದಿಸಿ ಮಲಗಿಸುತ್ತಿದ್ದರು. ಅದಕ್ಕೀಗ ನಲವತ್ತೆರಡು ವರ್ಷ.

ಸೊಸೆ ದನದ ಡಾಕ್ಟರು. ಗುಡ್ಡದ ಮೇಲಿನ ಹಟ್ಟಿಗಳಿಂದ ಕಾಲು ಮುರಿದ ಹಸುವನ್ನೂ ಕರು ಹಾಕಲಾಗದೆ ಒದ್ದಾಡುವ ಎಮ್ಮೆಯನ್ನೂ ಜನ ಹನ್ನೆರಡು ಮೈಲಿ ಇಳಿಸಿ ತರುತ್ತಿದ್ದರು. ಎಷ್ಟೋ ಸಲ ದಾರಿಯಲ್ಲೇ ಕಥೆ ಮುಗಿಯುತ್ತಿತ್ತು. ಎರಡು ವರ್ಷ ಅರ್ಜಿ ಹಾಕಿ ಹಾಕಿ ಅವಳು ಮೇಲಿನವರಿಂದ ಒಂದು ಟ್ರೇಲರ್ ದಕ್ಕಿಸಿಕೊಂಡಿದ್ದಳು. ಚಕ್ರದ ಮೇಲಿನ ಪುಟ್ಟ ಆಸ್ಪತ್ರೆ ಅದು. ದೀಪ, ನೀರಿನ ಟ್ಯಾಂಕು, ಜನರೇಟರು, ದನವನ್ನು ಅಲುಗಾಡದಂತೆ ನಿಲ್ಲಿಸುವ ಕಬ್ಬಿಣದ ಸರಳುಗಳು, ಎಲ್ಲ ಇತ್ತು. ಎಳೆಯುವ ಗಾಡಿಯೊಂದು ಇರಲಿಲ್ಲ. ಅಧಿಕಾರಿ ಕಡ್ಡಿ ಮುರಿದಂತೆ ಹೇಳಿದ್ದರು: ಗಾಡಿ ನೀವೇ ಹೊಂದಿಸಿಕೊಳ್ಳಿ, ಒಂದು ಸುತ್ತು ಹೋಗಿ ಬನ್ನಿ, ಸುರಕ್ಷಿತವಾಗಿ ಬಂದರೆ ಟ್ರೇಲರ್ ನಿಮ್ಮದು, ಇಲ್ಲದಿದ್ದರೆ ವಾಪಸ್ಸು ಗೋದಾಮಿಗೆ.

ಮಾವನನ್ನು ಕೇಳುವ ಧೈರ್ಯ ಸೊಸೆಗಿರಲಿಲ್ಲ. ಅತ್ತೆಯೇ ಕೇಳಿದರು.

"ಆ ಗಾಡೀನ ಇನ್ನೆಷ್ಟು ದಿನ ಜೋಗುಳ ಹಾಡಿ ಮಲಗಿಸ್ತೀರಿ? ಎಬ್ಬಿಸಿ. ಕೆಲಸ ಬಂದಿದೆ ಅದಕ್ಕೆ."

ಮಾವ ಮೂರು ದಿನ ಗಾಡಿಯ ಹೊದಿಕೆ ತೆಗೆಯಲಿಲ್ಲ. ನಾಲ್ಕನೇ ದಿನ ಬೆಳಗ್ಗೆ ಟೇಪು ಹಿಡಿದು ಟ್ರೇಲರಿನ ಉದ್ದ ಅಳೆಯುತ್ತಿದ್ದುದನ್ನು ಕಂಡು ಸೊಸೆ ಒಳಗೆ ಹೋಗಿ ಅತ್ತೆಯ ಕೈ ಅದುಮಿದಳು.

ಮೇಸ್ತ್ರಿಯನ್ನು ಎಲ್ಲರೂ ಕಿವಿ ಮೇಸ್ತ್ರಿ ಎನ್ನುತ್ತಿದ್ದರು. ಸ್ಕ್ರೂಡ್ರೈವರಿನ ಒಂದು ತುದಿ ಎಂಜಿನ್ನಿಗೆ, ಇನ್ನೊಂದು ತುದಿ ಕಿವಿಗೆ ಒತ್ತಿ, ಕಣ್ಣು ಮುಚ್ಚಿ ರೋಗ ಹೇಳುವ ಮನುಷ್ಯ. ವ್ಯಾಗನ್ನನ್ನು ಕೇಳಿಸಿಕೊಂಡು ಅವನು ಕಣ್ಣು ತೆರೆದ.

"ಎಂಜಿನ್ನು ಗಟ್ಟಿ ಇದೆ ಸಾರ್. ನಿಮಗಿಂತ ಚೆನ್ನಾಗಿ ಉಸಿರಾಡ್ತಿದೆ."

"ಹಂಗಾದ್ರೆ ಎಳೆಯುತ್ತೆ ಅನ್ನು."

"ಎಳೆಯೋದು ಯಾವ ಮಹಾ. ಒಂದೂವರೆ ಟನ್ನು ಬೆನ್ನ ಹಿಂದೆ ನೂಕುವಾಗ ನಿಲ್ಲಬೇಕಲ್ಲ, ಕೆಲಸ ಇರೋದು ಅಲ್ಲಿ."

ಎರಡು ತಿಂಗಳು ಹಿಡಿಯಿತು. ಚಾಸಿಯ ತುಕ್ಕು ಹಿಡಿದ ಭಾಗವನ್ನು ಕತ್ತರಿಸಿ ದಪ್ಪ ಉಕ್ಕು ಕೂರಿಸಿದರು. ಹಿಂದಿನ ಸ್ಪ್ರಿಂಗಿಗೆ ಎರಡೆರಡು ಪ್ಲೇಟು ಸೇರಿಸಿದರು. ರೇಡಿಯೇಟರ್ ದೊಡ್ಡದಾಯಿತು, ಬ್ರೇಕುಗಳು ಹೊಸದಾದವು. ಬಂಪರ್ ಹೋದ ಜಾಗದಲ್ಲಿ ಚಾಸಿಯ ಒಂದು ಬದಿಯಿಂದ ಇನ್ನೊಂದಕ್ಕೆ ಒಂದು ಉಕ್ಕಿನ ತೊಲೆ, ಅದರ ನಡುವೆ ಟ್ರೇಲರಿನ ಮೂತಿ ಕೂರುವ ಉಕ್ಕಿನ ಗುಂಡು. ಸ್ಟೀರಿಂಗಿನ ಪಕ್ಕ ಹೆಬ್ಬೆರಳಿನಷ್ಟು ಉದ್ದದ ಹಿಡಿಯೊಂದನ್ನು ಮೇಸ್ತ್ರಿ ಕೂರಿಸಿದ. ಅದನ್ನು ಸರಿಸಿದರೆ ಟ್ರೇಲರಿನ ಬ್ರೇಕು ಮಾತ್ರ ಹಿಡಿಯುತ್ತಿತ್ತು. ಪ್ರತಿಯೊಂದು ಬೋಲ್ಟಿನ ಬಿಗಿಯನ್ನೂ ಮಾವ ತಮ್ಮ ಪುಸ್ತಕದಲ್ಲಿ ಬರೆದುಕೊಂಡರು. ಮೇಸ್ತ್ರಿ ರೋಸಿಹೋಗಿ, "ಸಾರ್, ನಾನು ಎಷ್ಟು ಸಲ ಸೀನಿದೆ ಅಂತಾನೂ ಬರ್ಕೊಳ್ಳಿ" ಎಂದ.

ಕೊನೆಗೆ ಉಳಿದದ್ದು ಮೂತಿಯ ತೂಕ. ಟ್ರೇಲರಿನ ಮೂತಿ ಗುಂಡಿನ ಮೇಲೆ ಒಟ್ಟು ಭಾರದ ಹತ್ತನೇ ಒಂದರಷ್ಟನ್ನು ಹೇರಬೇಕು. ಹೆಚ್ಚಾದರೆ ಗಾಡಿಯ ಹಿಂಭಾಗ ಕುಸಿಯುತ್ತದೆ. ಕಡಿಮೆಯಾದರೆ ಟ್ರೇಲರ್ ಬಾಲ ಆಡಿಸಲು ತೊಡಗುತ್ತದೆ. ಹಾಗೆ ಆಡಿಸುತ್ತ ಮುಂದಿನ ಗಾಡಿಯನ್ನೂ ರಸ್ತೆಯಿಂದ ಎಳೆದುಹಾಕಬಲ್ಲದು. ಮಾವ ಅತ್ತೆಯ ತೂಕದ ಯಂತ್ರವನ್ನು ಬಚ್ಚಲುಮನೆಯಿಂದ ಹೊರತಂದರು. ಹಲಗೆಯ ಒಂದು ತುದಿ ಇಟ್ಟಿಗೆಯ ಮೇಲೆ, ಇನ್ನೊಂದು ಯಂತ್ರದ ಮೇಲೆ, ಮೂತಿ ಸರಿಯಾಗಿ ನಡುವೆ. ಯಂತ್ರ ಎಪ್ಪತ್ತೊಂದು ತೋರಿಸಿತು. ಎರಡರಿಂದ ಗುಣಿಸಿದರೆ ನೂರ ನಲವತ್ತೆರಡು ಕಿಲೊ. ಬೇಕಾದಷ್ಟೇ. ಮೂರು ಸಲ ಅಳೆದರು, ಮೂರು ಸಲವೂ ಅದೇ.

"ನನ್ನ ಮಷೀನ್ ಮೇಲೆ ಆಸ್ಪತ್ರೆ ಕೂರಿಸಿದ್ರಾ? ಇನ್ಮೇಲೆ ಅದು ಹೇಳೋ ತೂಕ ನಾನು ನಂಬಲ್ಲ," ಎಂದರು ಅತ್ತೆ.

"ಮುಂಚೆ ನಂಬ್ತಿದ್ಯಾ?" ಎಂದರು ಮಾವ.

ಹೊರಟ ದಿನ ಬೆಳಗ್ಗೆ ಸೊಸೆ ಸ್ಟೀರಿಂಗ್ ಹಿಡಿದಳು, ಮಾವ ಪಕ್ಕದಲ್ಲಿ ಕುಳಿತರು. ಅಧಿಕಾರಿಯ ಮುಂದೆ "ಈ ಗಾಡಿಗೆ ನಾನು ಜವಾಬ್ದಾರ" ಎಂದು ಎದೆ ತಟ್ಟಿ ಬಂದಿದ್ದರಿಂದ ದಾರಿಯುದ್ದಕ್ಕೂ ಮೈಯೆಲ್ಲ ಕಿವಿಯಾಗಿದ್ದರು. ವ್ಯಾಗನ್ ಗೊಣಗದೆ ಏರಿತು. ಎಂಜಿನ್ನಿನ ಬಿಸಿ ತೋರಿಸುವ ಮುಳ್ಳು ನಡುವಿನಿಂದ ಅಲುಗಲಿಲ್ಲ. ಹತ್ತು ಗಂಟೆಗೆ ಗುಡ್ಡದ ಮೇಲೆ ತಲುಪಿದಾಗ ಹಟ್ಟಿಯ ಜನ ದನಗಳೊಂದಿಗೆ ಸಾಲುಗಟ್ಟಿ ನಿಂತಿದ್ದರು. ಗೊರಸು ಕೊಳೆತ ಎತ್ತು, ಕೆಚ್ಚಲು ಬಾತ ಹಸು, ತಂತಿ ಬೇಲಿಗೆ ಸಿಕ್ಕಿ ಮೈ ಹರಿದ ಎಮ್ಮೆ, ಒಟ್ಟು ಹದಿನಾಲ್ಕು. ಸೊಸೆ ತೊಳೆದಳು, ಕೊಯ್ದಳು, ಹೊಲಿದಳು, ಮತ್ತೆ ತೊಳೆದಳು. ಎಮ್ಮೆಯ ಮುದುಕಿ ಯಜಮಾನಿ, "ಡಾಕ್ಟ್ರಮ್ಮ, ಇದನ್ನ ಇಳಿಸ್ಕೊಂಡು ಬಂದಿದ್ರೆ ಇಷ್ಟೊತ್ತಿಗೆ ಮಣ್ಣು ಮಾಡ್ತಿದ್ವಿ" ಎಂದು ಅವಳ ಒದ್ದೆ ಕೈಯನ್ನು ಬಹಳ ಹೊತ್ತು ಬಿಡಲಿಲ್ಲ. ಮಾವ ಅದನ್ನು ನೋಡಿ ಟೈರು ಪರೀಕ್ಷಿಸಲು ಹೋದರು.

ಮೂರು ಗಂಟೆಗೆ ಇಳಿಯತೊಡಗಿದರು. ಎರಡು ತಿರುವು ಸಲೀಸಾಗಿ ಕಳೆಯಿತು. ಮೂರನೆಯದರ ಆಚೆ ನೇರ ಇಳಿಜಾರು. ಅಲ್ಲಿ ಮಾವನಿಗೆ ಬೆನ್ನಿನಲ್ಲಿ ಒಂದು ಸಣ್ಣ ಜಗ್ಗು ತಿಳಿಯಿತು, ಯಾರೋ ಅಂಗಿಯ ಚುಂಗು ಹಿಡಿದು ಎಳೆದ ಹಾಗೆ. ಕನ್ನಡಿ ನೋಡಿದರು. ಟ್ರೇಲರಿನ ಬಿಳಿ ಗೋಡೆ ಎಡಗಡೆ ಇಣುಕಿ ಮಾಯವಾಯಿತು. ಬಲಗಡೆಯ ಕನ್ನಡಿಯಲ್ಲಿ ಇಣುಕಿತು. ಮತ್ತೆ ಎಡಗಡೆ, ಈ ಸಲ ಇನ್ನೂ ಅಗಲವಾಗಿ. ವ್ಯಾಗನ್ನಿನ ಹಿಂಭಾಗ ತೂಗಾಡಿತು.

"ಕಾಲು ಬ್ರೇಕು ಬೇಡ," ಎಂದರು. ದನಿ ತಮ್ಮದೇ ಅನ್ನಿಸಲಿಲ್ಲ.

"ಗೊತ್ತು ಮಾವ."

ಸೊಸೆ ಆಕ್ಸಿಲರೇಟರಿನಿಂದ ಕಾಲು ತೆಗೆದಿದ್ದಳು. ಸ್ಟೀರಿಂಗನ್ನು ನೇರ ಹಿಡಿದು, ಆ ಪುಟ್ಟ ಹಿಡಿಯನ್ನು ಹೆಬ್ಬೆರಳಿನಿಂದ ನಿಧಾನ ಸರಿಸಿದಳು. ಹಿಂದಿನಿಂದ ಯಾರೋ ಹಗ್ಗ ಬಿಗಿದಂತಾಯಿತು. ಒಂದು ತೂಗು, ಇನ್ನೊಂದು, ಮೂರನೆಯದು ಅರ್ಧಕ್ಕೆ ನಿಂತಿತು. ಟ್ರೇಲರ್ ಬೆನ್ನ ಹಿಂದೆ ಬಂದು ಸಾಧುವಾಯಿತು. ರಸ್ತೆ ಅಗಲವಾದಲ್ಲಿ ನಿಲ್ಲಿಸಿ ಅವಳು ಎಂಜಿನ್ ಆರಿಸಿದಳು.

"ನಾನು ಜೋರಾಗಿ ಬಿಟ್ನಾ ಮಾವ?"

"ಇರು, ನೋಡ್ತೀನಿ."

ಮಾವ ಇಳಿದರು. ಗುಂಡು ನೋಡಿದರು, ಬಿಗಿಯಾಗಿತ್ತು. ತೊಲೆ, ಬೋಲ್ಟು, ಸ್ಪ್ರಿಂಗು, ಟೈರಿನ ಗಾಳಿ, ಎಲ್ಲ ಪುಸ್ತಕದಲ್ಲಿ ಬರೆದಂತೆಯೇ ಇದ್ದವು. ಮತ್ತೇಕೆ? ಬೆಳಗ್ಗೆ ಇದೇ ರಸ್ತೆಯಲ್ಲಿ ಕುರಿಮರಿಯಂತೆ ಹಿಂಬಾಲಿಸಿದ ಟ್ರೇಲರಿಗೆ ಈಗೇನು ಬಂತು? ಕೈಗೆ ಅಂಟಿದ ಗ್ರೀಸು ತೊಳೆಯಲು ಟ್ಯಾಂಕಿನ ನಲ್ಲಿ ತಿರುಗಿಸಿದರು.

ಎರಡು ಹನಿ ಬಿತ್ತು. ಮತ್ತೇನೂ ಇಲ್ಲ.

ಮಾವ ನಲ್ಲಿಯನ್ನೇ ದಿಟ್ಟಿಸಿದರು. ಟ್ಯಾಂಕು ಇದ್ದದ್ದು ಮುಂದೆ, ಮೂತಿಯ ಹತ್ತಿರ. ಮನೆಯಲ್ಲಿ ತೂಗಿದಾಗ ಅದರಲ್ಲಿ ಇನ್ನೂರು ಲೀಟರು ನೀರಿತ್ತು. ಹದಿನಾಲ್ಕು ದನಗಳಿಗೆ ಅದಷ್ಟೂ ಖರ್ಚಾಗಿತ್ತು. ಜನರೇಟರು, ಸರಳುಗಳು ಹಿಂದಿನ ಬಾಗಿಲ ಬಳಿಯೇ ಇದ್ದವು. ಪುಸ್ತಕ ತೆಗೆದು ಲೆಕ್ಕ ಹಾಕಿದರು. ನೂರ ನಲವತ್ತೆರಡು ಇರಬೇಕಾದ ಮೂತಿಯ ತೂಕ ಐವತ್ತಾರಕ್ಕೆ ಇಳಿದಿತ್ತು.

ಗಾಳಿ ಬೀಸಿತ್ತು ಎಂದು ಹೇಳಬಹುದಿತ್ತು. ರಸ್ತೆ ಡೊಂಕು ಎನ್ನಬಹುದಿತ್ತು. ಸೊಸೆ ಜೋರಾಗಿ ಬಿಟ್ಟಳು ಎಂದರೂ ಅವಳು ನಂಬುತ್ತಿದ್ದಳು. ಆಗಲೇ ಅರ್ಧ ನಂಬಿದ್ದಳು ಕೂಡ. ಮಾವ ಅವಳ ಕಿಟಕಿಯ ಬಳಿಗೆ ಬಂದರು.

"ತಪ್ಪು ನಂದು ಕಣಮ್ಮ. ಹೋಗೋ ಗಾಡೀನ ಮೂರು ಸಲ ತೂಗಿದೆ. ಬರೋ ಗಾಡೀನ ಒಂದು ಸಲಾನೂ ತೂಗಲಿಲ್ಲ."

ಅವರು ವಿವರಿಸಿದ್ದನ್ನು ಸೊಸೆ ಕೇಳಿದಳು. ಕೇಳುತ್ತ ಕೇಳುತ್ತ ಅವಳ ಭುಜಗಳು ಇಳಿದವು. ಆಮೇಲೆ ನಗು ಬಂತು, ತಡೆಯಲಾಗದ ನಗು.

"ನಗ್ತೀಯಲ್ಲ. ಪ್ರಾಣ ಹೋಗ್ತಿತ್ತು."

"ಅದಕ್ಕೇ ನಗ್ತಿರೋದು ಮಾವ. ಹೋಗಲಿಲ್ಲವಲ್ಲ. ಮತ್ತೆ ನೋಡಿ, ಗಾಡಿ ಕೆಟ್ಟದ್ದಲ್ಲ, ನನ್ನ ಕೈ ಕೆಟ್ಟದ್ದಲ್ಲ. ನೀರು ಮುಗಿದಿದೆ, ಅಷ್ಟೇ. ಇದಕ್ಕೆ ಔಷಧಿ ಇದೆ ತಾನೆ?"

ಔಷಧಿ ಇತ್ತು. ಅರವತ್ತು ಕಿಲೊದ ಜನರೇಟರನ್ನು ಇಬ್ಬರೂ ತಳ್ಳಿ, ಎಳೆದು, ಉಬ್ಬಸ ಬಿಡುತ್ತ ಮುಂದಕ್ಕೆ ಸಾಗಿಸಿ ಬಿಗಿದು ಕಟ್ಟಿದರು. ಸರಳುಗಳನ್ನೂ ಬಿಚ್ಚಿ ಅದರ ಪಕ್ಕಕ್ಕೆ ತಂದರು. ಮಾವ ಮತ್ತೆ ಲೆಕ್ಕ ಹಾಕಿದರು.

"ನೂರ ನಲವತ್ತೊಂದು. ಒಂದು ಕಿಲೊ ಕಮ್ಮಿ ಬೀಳ್ತಿದೆ."

"ನನ್ನ ಬೂಟು ಮುಂದೆ ಇಡ್ತೀನಿ. ಅದಕ್ಕೆ ಮೆತ್ತಿರೋ ಸಗಣಿನೇ ಒಂದು ಕಿಲೊ ಇದೆ."

ಅವಳು ನಿಜವಾಗಿಯೂ ಬೂಟು ಬಿಚ್ಚಿ ಮುಂದಿಟ್ಟಳು. ಉಳಿದ ಇಳಿಜಾರಿನಲ್ಲಿ ಗಾಡಿಯನ್ನು ಚಪ್ಪಲಿ ಹಾಕಿಕೊಂಡೇ ಇಳಿಸಿದಳು. ಮಾವ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕನ್ನಡಿ ಕಾದರು. ಬಿಳಿ ಗೋಡೆ ಮತ್ತೆ ಎಲ್ಲಿಯೂ ಇಣುಕಲಿಲ್ಲ.

ಆಫೀಸಿನ ಅಂಗಳದಲ್ಲಿ ಅಧಿಕಾರಿ ಟ್ರೇಲರಿನ ಸುತ್ತ ಒಂದು ಸುತ್ತು ಬಂದು, ಇಬ್ಬರನ್ನೂ ಒಳಗೆ ಕರೆದರು. "ಏನೂ ತೊಂದರೆ ಆಗಲಿಲ್ಲವಷ್ಟೆ?"

ಸೊಸೆ ಮಾವನ ಮುಖ ನೋಡಿದಳು. ಸುರಕ್ಷಿತವಾಗಿ ಬರುವುದೇ ಷರತ್ತು. ಆಗಲಿಲ್ಲ ಎಂದುಬಿಟ್ಟರೆ ಮುಗಿಯಿತು, ನೋಡಿದವರು ಯಾರೂ ಇಲ್ಲ. ಆದರೆ ನಾಳೆ ಬೇರೆ ಯಾರಾದರೂ ಖಾಲಿ ಟ್ಯಾಂಕಿನೊಂದಿಗೆ ಅದೇ ಇಳಿಜಾರು ಇಳಿದರೆ? ಮಾವ ಪುಸ್ತಕ ತೆರೆದು ಮೇಜಿನ ಮೇಲಿಟ್ಟರು.

"ಆಯ್ತು ಸಾರ್. ಮೂರನೇ ತಿರುವಿನ ಆಚೆ ಬಾಲ ಆಡಿಸ್ತು. ತಪ್ಪು ನನ್ನದು, ಕಾರಣ ಇಲ್ಲಿದೆ."

ಅಧಿಕಾರಿ ಓದಿದರು. ಓದುತ್ತ ಕುರ್ಚಿಯಲ್ಲಿ ಕುಳಿತರು. ಎರಡು ವರ್ಷದ ಅರ್ಜಿಗಳು, ಎರಡು ತಿಂಗಳ ಕೆಲಸ, ಆ ಮುದುಕಿ ಹಿಡಿದಿದ್ದ ಕೈ, ಎಲ್ಲ ಈಗ ಈ ಮನುಷ್ಯನ ಹುಬ್ಬಿನ ಮೇಲೆ ನಿಂತಿತ್ತು.

"ಹೋದ ವರ್ಷ ಇಂಥದ್ದೇ ಒಂದು ಟ್ರೇಲರ್ ಚರಂಡಿಗೆ ಉರುಳಿತು," ಎಂದರು ಅಧಿಕಾರಿ. "ಓಡಿಸಿದವನು ರಸ್ತೆ ಸರಿ ಇಲ್ಲ ಅಂದ, ರಸ್ತೆಯವರು ಓಡಿಸಿದವನು ಸರಿ ಇಲ್ಲ ಅಂದ್ರು. ಯಾಕೆ ಉರುಳ್ತು ಅಂತ ಇವತ್ತಿನವರೆಗೂ ನನಗೆ ಯಾರೂ ಹೇಳಲಿಲ್ಲ." ಪುಟವನ್ನು ಬೆರಳಿನಿಂದ ತಟ್ಟಿದರು. "ನೀರು ಖಾಲಿಯಾದರೆ ಏನು ಮಾಡಬೇಕು ಅಂತ ದೊಡ್ಡ ಅಕ್ಷರದಲ್ಲಿ ಬರೆದುಕೊಡಿ ಯಜಮಾನ್ರೇ. ಟ್ರೇಲರ್ ಬಾಗಿಲಿಗೆ ಅಂಟಿಸೋಣ. ಡಾಕ್ಟ್ರೇ, ಗುರುವಾರ ಆಚೆ ಗುಡ್ಡಕ್ಕೆ ಹೋಗಬಹುದಾ?"

"ಹೋಗಬಹುದು ಸಾರ್," ಎಂದಳು ಸೊಸೆ. ಅಷ್ಟು ಮೆಲ್ಲಗೆ ಎಂದಳೆಂದರೆ ಅಧಿಕಾರಿ ಇನ್ನೊಮ್ಮೆ ಕೇಳಬೇಕಾಯಿತು.

ಮಾವ ಅಲ್ಲೇ ಕುಳಿತು ಬರೆದುಕೊಟ್ಟರು. ಹೊರಗೆ ಬಂದಾಗ ಬಿಸಿಲು ಇಳಿದಿತ್ತು. ಎದೆಯ ಮೇಲಿನ ಬಂಡೆಯನ್ನು ಯಾರೋ ಎತ್ತಿಟ್ಟಂತೆ ಉಸಿರು ತಳದವರೆಗೆ ಹೋಗಿ ಬಂತು. ಸೊಸೆ ಬೀಗದ ಕೈ ಚಾಚಿದಳು.

"ಮನೆತನಕ ನೀವು ಓಡಿಸಿ ಮಾವ. ನಿಮ್ಮ ಗಾಡಿ."

"ಬೇಡಮ್ಮ. ಇವತ್ತು ನನ್ನ ಮೈಯಲ್ಲಿ ಒಂದು ಎಲುಬೂ ಇದ್ದ ಜಾಗದಲ್ಲಿಲ್ಲ. ನೀನೇ ಓಡಿಸು."

ಅವರು ಪಕ್ಕದ ಸೀಟಿಗೆ ಹತ್ತಿ ಕುಳಿತು ಕಿಟಕಿಗೆ ತಲೆ ಆನಿಸಿದರು. ವ್ಯಾಗನ್ ಅಂಗಳದ ಗೇಟು ದಾಟುವ ಮೊದಲೇ ಇಂಚು ಮಾವ ಗೊರಕೆ ಹೊಡೆಯುತ್ತಿದ್ದರು. ಸೊಸೆ ಗೇರನ್ನು ಸದ್ದಾಗದಂತೆ ಬದಲಾಯಿಸಿದಳು.