ನೀರಿಗಿಟ್ಟ ಹೆಂಟೆ

ಬೋಗುಣಿಯನ್ನು ಬೂದಿ ಹಚ್ಚಿ ತೊಳೆದೆ. ನೀರು ತುಂಬಿ ಅಪ್ಪನ ಮುಂದಿಟ್ಟೆ. ಅವನು ಎಲೆಗೆ ಸುಣ್ಣ ಸವರುತ್ತಿದ್ದ. ಮುಂದಿನ ಕೆಲಸ ನನಗೆ ಗೊತ್ತಿತ್ತು.

ನಾವು ದುಡಿಯಲು ಬಂದಿದ್ದ ಚಾಕಣದ ಆಚೆ ಹೊಸ ಕಾರ್ಖಾನೆಯೊಂದಕ್ಕೆ ಪೈಪು ಹಾಕಲು ಎರಡಾಳು ಆಳದ ಕಾಲುವೆ ತೋಡುತ್ತಿದ್ದರು. ಮಷೀನು ತೋಡಿದ ಮೇಲೆ ತಳ ಸಮ ಮಾಡಲು ಅಪ್ಪ ಇಳಿಯಬೇಕು. ಊರಲ್ಲಿ ಬಾವಿ ತೋಡುತ್ತಿದ್ದವನು. ಇಳಿಯುವ ಮೊದಲು ಆ ಜಾಗದ ಹೆಂಟೆಯೊಂದನ್ನು ನೀರಿಗಿಡುತ್ತಾನೆ. ಎಲೆ ಜಗಿದು ಉಗುಳುವುದರೊಳಗೆ ಅದು ಕರಗಿದರೆ ಗೋಡೆ ನಿಲ್ಲುವುದಿಲ್ಲ. ಆಗ ಯಾರು ಬೈದರೂ ಅಪ್ಪ ಇಳಿಯುವುದಿಲ್ಲ. ಹೆಂಟೆ ತರುವವಳು ನಾನು.

ಹಿಂದಿನ ದಿನ ಅಪ್ಪ ಹೇಳಿದ್ದ: "ನಮ್ಮ ಕಡಿ ಕೆಂಪ ಕಲ್ಲು ಕೊಳತು ಕೆಂಪ ಮಣ್ಣ ಆಗ್ತದ. ಇಲ್ಲಿ ಕರೇ ಕಲ್ಲು. ದಿಬ್ಬದ ಮ್ಯಾಲ ಅದು ಕೊಳತು ಮುರುಮ ಆಗ್ಯದ, ಗಟ್ಟಿ. ತಗ್ಗಿನಾಗ ಇರೂದು ಹಳ್ಳ ತಂದು ಹಾಕಿದ ಕರೇ ಎರಿ ಮಣ್ಣ. ಅದನ್ನ ನಂಬಬಾರದು."

"ಕಲ್ಲು ಮಣ್ಣಾಗಾಕ ಎಷ್ಟ ವರ್ಷ ಬೇಕಪಾ?"

"ನಿಮ್ಮವ್ವನ ಸಿಟ್ಟು ಇಳಿಯೂದಕಿಂತ ಭಾಳ."

ಇವತ್ತು ಕಾಲುವೆ ತಗ್ಗಿಗೆ ಮುಟ್ಟಿತ್ತು. ಅದರ ದಂಡೆಯಲ್ಲಿ ಸೂಪರ್‌ವೈಸರ್ ಅಂಬಾದಾಸ ನಾಲ್ಕೈದು ಗಂಡಸರೊಂದಿಗೆ ಚಹಾ ಕುಡಿಯುತ್ತಿದ್ದ. ನಿನ್ನೆ ಅವರಲ್ಲೊಬ್ಬ, "ಮಣ್ಣ ತಿನ್ನೂ ಪೋರಿ ಬಂತು ನೋಡ್ರೋ" ಎಂದಿದ್ದ. ಎಲ್ಲರೂ ನಕ್ಕಿದ್ದರು. ಹೆಂಟೆ ತರಲು ಹೊರಟ ನನ್ನ ಕಾಲು ಅರ್ಧ ದಾರಿಗೆ ನಿಂತವು. ಅಲ್ಲೇ ದಿಬ್ಬದ ಮೇಲೆ ಕರಿ ಕೆಸರು ಮೆತ್ತಿದ ಹೆಂಟೆಯೊಂದು ಬಿದ್ದಿತ್ತು. ಎತ್ತಿಕೊಂಡು ಬಂದು ಬೋಗುಣಿಯಲ್ಲಿಟ್ಟೆ.

ಮಣ್ಣಿನ ಬುಟ್ಟಿ ಹೊತ್ತು ಹೊರಟಿದ್ದ ಹುಲಿಗೆವ್ವ ಅಪ್ಪನಿಗೆ, "ಹುಸೇನಪ್ಪಣ್ಣಾ, ಕನ್ಯಾ ನೋಡಿದಂಗ ಮಣ್ಣ ನೋಡ್ತಿಯಲ್ಲೋ!" ಎಂದಳು.

ನೀರು ಕರ್ರಗಾಯಿತು. ಅಪ್ಪ ಎಲೆ ಉಗುಳಿ, ಬೋಗುಣಿಯೊಳಗೆ ಬೆರಳಾಡಿಸಿದ. ಹೆಂಟೆ ಇಡಿಯಾಗಿತ್ತು.

"ಎರಿ ಇಷ್ಟ ಗಟ್ಟಿ? ತಗ್ಗಿನಾಗಿಂದ ತಂದಿಯಲ್ಲಾ?"

ಹೌದೆಂದು ತಲೆಯಾಡಿಸಿದೆ. ಅವನು ಸಲಿಕೆ ಹಿಡಿದು ಇಳಿದ.

ಮಧ್ಯಾಹ್ನದ ಬುತ್ತಿ ಬಿಚ್ಚುವ ಮೊದಲೇ ಗೋಡೆ ಜಾರಿತು. ಅಂಥ ಸದ್ದೇನೂ ಆಗಲಿಲ್ಲ. ಅಪ್ಪ ನಿಂತಿದ್ದಲ್ಲಿ ಸಲಿಕೆಯ ಹಿಡಿಕೆಯಷ್ಟೇ ಮಣ್ಣಿನಿಂದ ಒಂದು ಗೇಣು ಮೇಲೆ ಕಾಣುತ್ತಿತ್ತು.

ಅಂಬಾದಾಸ ಕೂಗುತ್ತ ಮಷೀನು ಕರೆಸಿದ. ಓಡುವಾಗ ಬೋಗುಣಿ ಕಣ್ಣಿಗೆ ಬಿತ್ತು. ನೀರು ತಿಳಿಯಾಗಿತ್ತು. ತಳದಲ್ಲಿ ಕಂದು ಮುರುಮ, ಒಂದು ಚೂರೂ ಒಡೆದಿರಲಿಲ್ಲ.

ಮಷೀನಿನ ಉಕ್ಕಿನ ಹಲ್ಲು ಹಿಡಿಕೆಯ ಹತ್ತಿರ ಇಳಿಯತೊಡಗಿತು. ನಾನು ಗಂಡಸರ ನಡುವೆ ನುಗ್ಗಿ ನಿಂತೆ. ಅವರ ಮುಂದೆ ನಾನು ಬಾಯಿ ಬಿಟ್ಟದ್ದು ಅದೇ ಮೊದಲು.

"ಮಷೀನ್ ಬ್ಯಾಡ್ರೀ. ಕೈಲೆ ತಗೀರಿ."